ಇಪ್ಪತ್ತು ಫೂಟಿನ ಆರು ಮೀಟರ್

ಮುದ್ದೇಬಿಹಾಳದ ಹೊಸ ಕಟ್ಟಡಗಳನ್ನು ನೋಡಿದರೆ ನನಗೆ ಈಗ ಹೇಸಿಗೆ ಬರುತ್ತದೆ. ಮೊದಲು ಹೀಗಿರಲಿಲ್ಲ. ಗಾಜು ಹೊದ್ದ ಅಂಗಡಿ, ಮೇಲೆ ಮಿನುಗುವ ಬೋರ್ಡು, ಮೆಟ್ಟಿಲಿಗೆ ಫಳಫಳ ಹೊಳೆಯುವ ಕಟಾಂಜನ ನೋಡಿ, ನಮ್ಮ ಕಡೆಯೂ ಸುಧಾರಿಸಿತು ಬಿಡು ಎಂದು ಬಸ್ಸಿನಲ್ಲಿ ಕೂತು ಹಿಗ್ಗುತ್ತಿದ್ದವಳೇ ನಾನು. ಈಗ ಆ ಗಾಜಿನ ಹಿಂದೆ ಏನಿದೆ, ಗೋಡೆಗೆ ಬಳಿದ ಪುಟ್ಟಿಯ ಕೆಳಗೆ ಏನೇನು ತುರುಕಿದ್ದಾರೆ ಎಂಬುದೊಂದೇ ತಲೆಯಲ್ಲಿ ಸುಳಿಯುತ್ತದೆ. ಈ ರೋಗ ನನಗೆ ಹತ್ತಿಸಿದವರು ಫಿಟ್ಟರ್ ಶಮಶುದ್ದೀನ ಚಾಚಾ. ಅವರ ಬಗ್ಗೆ ಬರೆಯಲು ಕೂತಿದ್ದೇನೆ. ಬರೆಯುತ್ತ ಹೋದಂತೆ ನನ್ನ ಹೇಸಿಗೆಯ ಕೆಲಸವೂ ಹೊರಗೆ ಬರುತ್ತದೆ, ಬರಲಿ.

ನಾನು ಕೋಮಲ, ನಿಡಗುಂದಿಯವಳು. ಸಿವಿಲ್ ಡಿಪ್ಲೊಮಾ ಮುಗಿಸಿದ ಮೇಲೆ ಸಿಕ್ಕ ಮೊದಲ ನೌಕರಿ ಗುತ್ತಿಗೆದಾರ ಸಂಜೀವಕುಮಾರ ಅವರ ಹತ್ತಿರ. ಮುದ್ದೇಬಿಹಾಳದಲ್ಲಿ ಬಟ್ಟೆ ವ್ಯಾಪಾರದ ರಾವಸಾಬ ಸಾಹುಕಾರರು ಹೊಸ ಕಟ್ಟಡ ಎಬ್ಬಿಸುತ್ತಿದ್ದರು. ಕೆಳಗೆ ಬಟ್ಟೆಯ ಶೋರೂಮು, ಮೇಲೆ ಟ್ಯೂಷನ್ ಕ್ಲಾಸಿಗೆ ಬಾಡಿಗೆ ಕೊಡಲು ದೊಡ್ಡ ಹಾಲು. ಕಂಬ, ಬೀಮು ಎಲ್ಲವೂ ಉಕ್ಕಿನವು, ಅವುಗಳ ಮೇಲೆ ಸ್ಲ್ಯಾಬು. ಬಸವ ಜಯಂತಿಯ ದಿನವೇ ಅಂಗಡಿ ತೆರೆಯಬೇಕೆಂದು ಅವರ ಹಟ. ಉಕ್ಕಿನದಾದರೆ ಬೇಗ ಏಳುತ್ತದೆ ಎಂದು ಯಾರೋ ಕಿವಿಯಲ್ಲಿ ಊದಿದ್ದರು. ಬೇಗ ಏಳುವುದೇನೋ ನಿಜ. ಆದರೆ ಇಟ್ಟಿಗೆ ಗೋಡೆ ನುಂಗಿಕೊಳ್ಳುವ ತಪ್ಪನ್ನು ಉಕ್ಕು ನುಂಗುವುದಿಲ್ಲ ಎಂಬುದನ್ನು ಯಾರೂ ಹೇಳಿರಲಿಲ್ಲ.

ಆ ಉಕ್ಕನ್ನು ಅಳೆದು, ಕತ್ತರಿಸಿ, ತೂತು ಹೊಡೆದು, ಎತ್ತಿ ಕೂರಿಸುವ ಕೆಲಸ ಶಮಶುದ್ದೀನ ಚಾಚಾರದು. ಮೂಲ ಗೊಳಸಂಗಿಯವರು, ವಯಸ್ಸು ಐವತ್ತೇಳು, ಓದಿದ್ದು ನಾಲ್ಕನೇ ತರಗತಿ. ಮೂವತ್ತರ ಹೊತ್ತಿಗೆ ಆಲಮಟ್ಟಿ ಅಣೆಕಟ್ಟಿನ ಗೇಟು ಕೂರಿಸುವವರ ಕೈಕೆಳಗೆ ಹಗ್ಗ ಎಳೆದರು. ಆಮೇಲೆ ಸೊಲ್ಲಾಪುರ, ಪುಣೆ ಎಂದು ಶೆಡ್ಡು ಕಟ್ಟುತ್ತ ಅಲೆದರು. ಕೂಡಗಿಯಲ್ಲಿ ವಿದ್ಯುತ್ ಸ್ಥಾವರ ಏಳುವಾಗ ಊರಿಗೆ ಮರಳಿ ಅಲ್ಲಿ ಐದು ವರ್ಷ ದುಡಿದರು. ಡ್ರಾಯಿಂಗು ಓದಲು ಕಲಿತದ್ದು ಅಲ್ಲಿ. ಅಕ್ಷರ ಕೂಡಿಸಿ ಓದುವುದು ಅವರಿಗೆ ಇವತ್ತಿಗೂ ಕಷ್ಟ, ಆದರೆ ಡ್ರಾಯಿಂಗಿನ ಗೆರೆ ನೋಡಿ ಯಾವ ಬೀಮು ಯಾವ ಕಂಬಕ್ಕೆ, ಯಾವ ಬೋಲ್ಟು ಯಾವ ತೂತಿಗೆ ಎಂದು ನಿಂತಲ್ಲೇ ಹೇಳುತ್ತಿದ್ದರು. ಕೂಡಗಿಯ ಒಬ್ಬ ಮುದುಕ ಫೋರ್‌ಮನ್ ಅವರಿಗೆ ಒಂದು ಉಕ್ಕಿನ ಟೇಪು ಕೊಟ್ಟಿದ್ದ. ಅದರಲ್ಲಿ ಬರೀ ಮಿಲಿಮೀಟರು. ಫೂಟು, ಇಂಚು ಇರಲೇ ಇಲ್ಲ.

ಚಾಚಾ ನೋಡಿದ ಕೂಡಲೇ ಪ್ರೀತಿ ಹುಟ್ಟುವಂಥ ಮನುಷ್ಯರಲ್ಲ. ಮಾತು ಮುಖಕ್ಕೆ ಹೊಡೆದ ಹಾಗೆ. ಕಂಬದ ಬುಡಕ್ಕೆ ಗುಟ್ಕಾ ಉಗುಳಿದವನ ಕೊರಳಪಟ್ಟಿ ಹಿಡಿದು ಅವನ ಅಂಗಿಯಿಂದಲೇ ಒರೆಸಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಮೊದಲ ದಿನ ನಾನು ಹೆಲ್ಮೆಟ್ಟು ಹಿಂದುಮುಂದಾಗಿ ಹಾಕಿಕೊಂಡಿದ್ದೆ. "ಮ್ಯಾಡಮ್ಮಾರ, ತಲಿ ಯಾವ ಕಡೆ ಐತಿ ಅಂತ ಗೊತ್ತಿಲ್ದವ್ರು ಕಂಬ ಯಾವ ಕಡೆ ಐತಿ ಅಂತ ಹೆಂಗ ಹೇಳ್ತೀರಿ?" ಎಂದು ಎಲ್ಲರ ಎದುರಿಗೇ ಅಂದರು. ನನಗೆ ಸಿಟ್ಟು ನೆತ್ತಿಗೇರಿತ್ತು. ಮಧ್ಯಾಹ್ನ ಅವರೇ ಬುತ್ತಿ ಬಿಚ್ಚಿ ಒಂದು ರೊಟ್ಟಿ ನನ್ನ ಕಡೆ ಸರಿಸಿದರು. ಹೆಂಡತಿ ಜೋಹರಾಬಿ ಬಡಿದ ಜೋಳದ ರೊಟ್ಟಿ. ಮನೆಯಲ್ಲಿ ರೊಟ್ಟಿಗೂ ಟೇಪು ಹಿಡಿಯುತ್ತಾರೆಂದು ಜೋಹರಾಬಿ ಅವರನ್ನು ಆಡಿಕೊಳ್ಳುತ್ತಾಳಂತೆ.

ಆವತ್ತೇ ಅವರು ಇಂಡಿ ಊರಿನ ಶೆಡ್ಡಿನ ಸುದ್ದಿ ಹೇಳಿದ್ದು. ಇಂಡಿಯ ಒಬ್ಬ ಲಿಂಬೆ ವ್ಯಾಪಾರಿ ಹಣ್ಣು ಆರಿಸಲು, ಚೀಲಕ್ಕೆ ತುಂಬಲು ದೊಡ್ಡ ಉಕ್ಕಿನ ಶೆಡ್ಡು ಕಟ್ಟಿಸುವವನಿದ್ದ. ಪೂರಾ ಕೆಲಸ ಚಾಚಾರಿಗೇ ಕೊಡುತ್ತೇನೆಂದು ಕೈ ಹಿಡಿದು ಹೇಳಿದ್ದ. ಮೂವತ್ತು ವರ್ಷ ಇನ್ನೊಬ್ಬರ ಕೈಕೆಳಗೆ ಉಕ್ಕು ಎತ್ತಿದ ಮನುಷ್ಯನಿಗೆ ಮೊದಲ ಸಲ ತನ್ನ ಹೆಸರಿನ ಮೇಲೆ ಒಂದು ಕೆಲಸ. "ಇದೊಂದು ಮಾಡಿ ಮುಗಿಸಿದ್ರ ಶಮಶುದ್ದೀನ ಅಂತ ಒಬ್ಬ ಇದ್ದ ಅಂತ ನಾಕ ಮಂದಿ ಅಂದಾರ ಬಿಡ್ರಿ," ಎಂದು ರೊಟ್ಟಿ ಮುರಿದುಕೊಂಡರು. ಆ ಮುಖದಲ್ಲಿ ನಾನು ನಗು ಕಂಡದ್ದು ಆವತ್ತೊಂದೇ ಸಲ.

ಇನ್ನು ತಪ್ಪಿನ ಕಥೆ. ನಮ್ಮ ಕಡೆ ಆರು ಮೀಟರ್ ಉದ್ದದ ಪೈಪಿಗೆ ಎಲ್ಲರೂ ಇಪ್ಪತ್ತು ಫೂಟಿನ ಪೈಪು ಎನ್ನುತ್ತಾರೆ. ಬಾಗೇವಾಡಿಯಲ್ಲಿ ಕೇಳಿ, ಸಿಂದಗಿಯಲ್ಲಿ ಕೇಳಿ, ಅದೇ ಲೆಕ್ಕ. ನಿಡಗುಂದಿಯಲ್ಲಿ ನನ್ನ ಅಪ್ಪನದು ಹೊಲಕ್ಕೆ ನೀರು ಹಾಯಿಸುವ ಪೈಪಿನ ಅಂಗಡಿ. ಅಲ್ಲಿಯ ಹಲಗೆಯ ಮೇಲೆ 'ಆರು ಮೀಟರ್, ಇಪ್ಪತ್ತು ಫೂಟು' ಎಂದು ಸುಣ್ಣದ ಕಡ್ಡಿಯಲ್ಲಿ ಬರೆಯುತ್ತಿದ್ದವಳು ನಾನೇ. ನಿಜವಾಗಿ ಇಪ್ಪತ್ತು ಫೂಟು ಎಂದರೆ ಆರು ಮೀಟರಿಗಿಂತ ತೊಂಬತ್ತಾರು ಮಿಲಿಮೀಟರ್ ಜಾಸ್ತಿ, ಹತ್ತಿರಹತ್ತಿರ ನಾಲ್ಕು ಇಂಚು. ಹೊಲದ ಪೈಪಿಗೆ ಅದರಿಂದ ಏನೂ ಆಗಬೇಕಾಗಿಲ್ಲ. ಗೌಂಡಿ ಕಟ್ಟುವ ಇಟ್ಟಿಗೆ ಮನೆಗೂ ಆಗಬೇಕಾಗಿಲ್ಲ, ಗಾರೆ ಬಳಿದು ಸರಿಮಾಡುತ್ತಾನೆ.

ಡ್ರಾಯಿಂಗಿನಲ್ಲಿ ಕಂಬದಿಂದ ಕಂಬಕ್ಕೆ ಆರು ಸಾವಿರ ಮಿಲಿಮೀಟರ್ ಎಂದಿತ್ತು. ಗೌಂಡಿ ಭೀಮು ಅದನ್ನು ಇಪ್ಪತ್ತು ಫೂಟು ಎಂದು ಓದಿಕೊಂಡು ಹದಿನೈದು ಕಂಬಗಳ ಪಾಯಕ್ಕೂ ಗುರುತು ಹಾಕಿ, ಬೋಲ್ಟು ನಿಲ್ಲಿಸಿದ. ಕಾಂಕ್ರೀಟು ಹಾಕುವ ದಿನ ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಮುಹೂರ್ತ. ಸಾಹುಕಾರರು ತೆಂಗಿನಕಾಯಿ ಹಿಡಿದು ನಿಂತಿದ್ದರು, ಫೋಟೊ ತೆಗೆಯುವವನು ಮುಂದೆ ಮುಂದೆ ಓಡಾಡುತ್ತಿದ್ದ, ಸಂಜೀವಕುಮಾರ ಅವರು ಗಡಿಯಾರ ನೋಡುತ್ತ "ಲಗೂ ಲಗೂ" ಎನ್ನುತ್ತಿದ್ದರು. ಅಳತೆ ಪರೀಕ್ಷಿಸಿ ಸಹಿ ಹಾಕಬೇಕಾದವಳು ನಾನು. ಭೀಮು ಟೇಪಿನ ಒಂದು ತುದಿ ಹಿಡಿದ, ನಾನು ಇನ್ನೊಂದು. ಅವನ ಟೇಪಿನಲ್ಲಿ ಮೇಲಿನ ಸಾಲು ಫೂಟು.

"ಇಪ್ಪತ್ತು ಬರೋಬ್ಬರಿ ಐತಿ ನೋಡ್ರಿ ಮ್ಯಾಡಮ್ಮಾರ," ಎಂದ ಭೀಮು.

ಬರೋಬ್ಬರಿ ಇತ್ತು. ಇಪ್ಪತ್ತು ಎಂದರೆ ಆರು ಮೀಟರ್ ಎಂದು ನನ್ನ ತಲೆಯೂ ಅಪ್ಪನ ಅಂಗಡಿಯ ಹಲಗೆಯಂತೆಯೇ ಹೇಳಿತು. ಎರಡು ಜಾಗದಲ್ಲಿ ಹಿಡಿದೆ, ಹದಿನೈದಕ್ಕೂ ಸಹಿ ಹಾಕಿದೆ. ಆಮೇಲೆ ಪೇಢಾ ತಿಂದು, ಫೋಟೊಗೂ ನಿಂತೆ.

ಜನವರಿ ಕೊನೆಯ ವಾರ ಕಂಬಗಳು ನಿಂತವು. ಪ್ರತಿ ಕಂಬದ ಬೋಲ್ಟಿಗೂ ಚಾಚಾ ಮೊದಲೇ ತಗಡಿನ ಅಚ್ಚು ಮಾಡಿ ಕೊಟ್ಟಿದ್ದರಿಂದ ಒಂದೊಂದು ಕಂಬವೂ ತನ್ನ ತನ್ನ ಜಾಗದಲ್ಲಿ ನೆಟ್ಟಗೆ ಕೂತಿತು. ಮರುದಿನ ಮೊದಲ ಬೀಮು ಎತ್ತಿದರು. ಒಂದು ತುದಿ ಕಂಬಕ್ಕೆ ಮುಟ್ಟಿತು. ಇನ್ನೊಂದು ತುದಿಗೂ ಆಚೆಯ ಕಂಬಕ್ಕೂ ನಡುವೆ ನನ್ನ ಅಂಗೈ ಆಡುವಷ್ಟು ಸಂದು. ಇನ್ನೊಂದು ಎತ್ತಿದರು, ಅಲ್ಲಿಯೂ ಅಷ್ಟೇ. ಕಟ್ಟಿಗೆ ಆಗಿದ್ದರೆ ಒಂದು ತುಂಡು ತುರುಕಿ ಮೊಳೆ ಹೊಡೆಯಬಹುದಿತ್ತು. ಆ ಬೀಮುಗಳ ಮೇಲೆ ಸ್ಲ್ಯಾಬು, ಸ್ಲ್ಯಾಬಿನ ಮೇಲೆ ಇನ್ನೂರು ಹುಡುಗ ಹುಡುಗಿಯರು ಬೆಂಚು ಹಾಕಿಕೊಂಡು ಕೂರುವವರು.

ಸಂಜೀವಕುಮಾರ ಅವರೂ ಸಾಹುಕಾರರೂ ಓಡಿಬಂದರು.

"ಎಷ್ಟ ಗಿಡ್ಡ ಕಡದಿ?" ಎಂದು ಸಂಜೀವಕುಮಾರ ಕೇಳಿದರು. ತನಗಿಂತ ಇಪ್ಪತ್ತು ವರ್ಷ ಹಿರಿಯನನ್ನು ಏಕವಚನದಲ್ಲಿ.

"ಗಿಡ್ಡ ಕಡದಿಲ್ರಿ ಸಾಹೇಬ್ರ. ಬೀಮು ಡ್ರಾಯಿಂಗಿನಾಗ ಇದ್ದಂಗ ಐತಿ. ಕಂಬ ದೂರ ನಿಂತಾವು," ಎಂದರು ಚಾಚಾ.

"ಕಂಬ ಏನ ತಾವ ನಡಕೊಂತ ಹೋದ್ವೇನು?"

ಸಾಹುಕಾರರು ಹೊಟ್ಟೆ ಅಲುಗಿಸಿ ನಕ್ಕರು. ಭೀಮು ನಕ್ಕ. ನಾನು ನೆಲ ನೋಡಿದೆ. ಅವರೆಲ್ಲ ಚಹಾ ಕುಡಿಯಲು ಎದುರಿನ ಹೋಟೆಲಿಗೆ ಹೋದ ಮೇಲೆ ಚಾಚಾ ತಮ್ಮ ಟೇಪು ನನ್ನ ಕೈಗೆ ಕೊಟ್ಟರು. ಕಂಬದ ನಡುವಿನಿಂದ ಕಂಬದ ನಡುವಿಗೆ ಹಿಡಿದೆ: ಆರು ಸಾವಿರದ ತೊಂಬತ್ತಾರು. ಬೀಮು ಹಿಡಿದೆ, ಡ್ರಾಯಿಂಗಿನ ಅಳತೆಗೂ ಅದಕ್ಕೂ ಒಂದು ಮಿಲಿಮೀಟರಿನ ಫರಕೂ ಇರಲಿಲ್ಲ.

"ಅವ್ರಿಗೆ ಹೇಳ್ರಿ ಮ್ಯಾಡಮ್ಮಾರ. ನಾ ಹೇಳಿದ್ರ ಫಿಟ್ಟರ್ ಜೀವ ಉಳಿಸ್ಕೊಳ್ಳಾಕ ಹೇಳ್ತಾನ ಅಂತಾರ. ನೀವ ಹೇಳಿದ್ರ ಕೇಳ್ತಾರ."

"ಹೇಳ್ತೇನಿ ಚಾಚಾ," ಎಂದೆ.

ಹೇಳಲಿಲ್ಲ. ನನಗೆ ಮಾರ್ಚ್ ಕೊನೆಗೆ ಒಂದು ಅನುಭವ ಪತ್ರ ಬೇಕಾಗಿತ್ತು. ಸರಕಾರಿ ನೌಕರಿಗೆ ಅರ್ಜಿ ಹಾಕುವವಳಿದ್ದೆ. ಆ ಪತ್ರ ಕೊಡಬೇಕಾದವರು ಸಂಜೀವಕುಮಾರ. ತಪ್ಪು ನನ್ನ ಸಹಿಯದು ಎಂದರೆ ಪತ್ರ ಹೋಯಿತು. ಇದಕ್ಕಿಂತ ದೊಡ್ಡ ಕಾರಣ ನನ್ನ ಹತ್ತಿರ ಇರಲಿಲ್ಲ. ಮನೆಯಲ್ಲಿ ಉಪವಾಸ ಬೀಳುತ್ತಿದ್ದರು ಎಂದೇನಾದರೂ ಹೇಳಿಕೊಳ್ಳುವ ಹಾಗಿದ್ದರೆ ಒಳ್ಳೆಯದಿತ್ತು, ಅದೂ ಸುಳ್ಳು.

ಚಾಚಾ ಸುಮ್ಮನೆ ಕೂರಲಿಲ್ಲ. ಎರಡು ದಿನ ಬೀಮುಗಳ ಸುತ್ತ ಓಡಾಡಿ ಒಂದು ದಾರಿ ಹುಡುಕಿದರು. ಪ್ರತಿ ಬೀಮನ್ನೂ ತುದಿಯಿಂದ ಸುಮಾರು ಮೂರು ಫೂಟು ಒಳಗೆ ಕತ್ತರಿಸಿ ತೆಗೆಯುವುದು. ಅದೇ ತರದ ಉಕ್ಕಿನಲ್ಲಿ, ತೆಗೆದ ತುಂಡಿಗಿಂತ ನಾಲ್ಕು ಇಂಚು ಹೆಚ್ಚು ಉದ್ದದ ಹೊಸ ತುದಿ ಮಾಡಿ, ಕೂಡುವಲ್ಲಿ ಮೇಲೆ, ಕೆಳಗೆ, ಎರಡು ಬದಿಗೆ ದಪ್ಪ ಪಟ್ಟಿಗಳಿಟ್ಟು ಬೋಲ್ಟಿನಿಂದ ಬಿಗಿಯುವುದು. ಕಂಬಕ್ಕೆ ಸೇರುವ ತುದಿಯಲ್ಲಿ ಬೀಮಿನ ಮೇಲೆ ಹೆಚ್ಚು ಜೋರು ಬೀಳುತ್ತದೆ, ಜೋಡಣೆ ಅಲ್ಲಿರಬಾರದು ಎಂಬುದನ್ನು ಕೂಡಗಿಯಲ್ಲಿ ನೋಡಿ ಕಲಿತಿದ್ದರು. ಡ್ರಾಯಿಂಗು ಮಾಡಿದ ವಿಜಯಪುರದ ಇಂಜಿನಿಯರನ್ನು ಕೇಳಿ ಅವರು ಲೆಕ್ಕ ಹಾಕಿ ಹೂಂ ಅಂದರೆ ಮಾತ್ರ ಮಾಡೋಣ, ಇಪ್ಪತ್ತೈದು ದಿನ ಬೇಕು ಎಂದರು.

ರಾವಸಾಬರು ಬಿದ್ದುಬಿದ್ದು ನಕ್ಕರು. "ಏ ಕೇಳ್ರಪಾ ಇಲ್ಲೆ! ಬೀಮು ಗಿಡ್ಡ ಆಗೇತಿ ಅಂದ್ರ ಇಂವ ಇನ್ನ ಮೂರ ಫೂಟು ಕಡೀತಾನಂತ! ಅಂಗಿ ಗಿಡ್ಡ ಆದ್ರ ತೋಳ ಕತ್ತರಿಸೋ ದರ್ಜಿ ನಮ್ಮ ಅಂಗಡ್ಯಾಗೂ ಇಲ್ಲ."

ಸಂಜೀವಕುಮಾರ ನಗಲಿಲ್ಲ. ಅವರಿಗೆ ಗೊತ್ತಿತ್ತು ಎಂದೇ ನನ್ನ ಅನುಮಾನ. ಆವತ್ತು ಸಂಜೆ ಕಚೇರಿಗೆ ಕರೆದು ಒಂದು ಕಾಗದ ಬರೆಯಲು ಹೇಳಿದರು. ಸಾಹುಕಾರರಿಗೆ ಕೊಡುವ ಕಾಗದ. ಫಿಟ್ಟರ್ ಶಮಶುದ್ದೀನ ತಂದ ಇಪ್ಪತ್ತೆರಡು ಬೀಮುಗಳು ಕಂಬಗಳ ನಡುವಿನ ಅಂತರಕ್ಕಿಂತ ತೊಂಬತ್ತಾರು ಮಿಲಿಮೀಟರ್ ಕಡಿಮೆ ಇರುವುದು ಸ್ಥಳದಲ್ಲಿ ಅಳೆದಾಗ ಕಂಡುಬಂದಿದೆ ಎಂದು ಬರೆದೆ. ಓದಿ ನೋಡಿ, ಒಂದೇ ಒಂದು ಸುಳ್ಳು ಮಾತಿಲ್ಲ. ಬರೆದು ಸಹಿ ಹಾಕುವಾಗ ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ. ಒಬ್ಬ ಮನುಷ್ಯನ ತಲೆಯ ಮೇಲೆ ಗೂಬೆ ಕೂರಿಸಲು ಸುಳ್ಳು ಹೇಳಲೇಬೇಕೆಂದಿಲ್ಲ ಎಂದು ಕಲಿತದ್ದು ಹೀಗೆ.

ಸಾಹುಕಾರರು ಆ ಕಾಗದದ ಫೋಟೊ ತೆಗೆದು ಮೊಬೈಲಿನಲ್ಲಿ ಯಾರ್ಯಾರಿಗೋ ಕಳಿಸಿದರು. ವಾರದೊಳಗೆ ಅದು ಸಿಂದಗಿ, ಬಾಗೇವಾಡಿ, ಇಂಡಿ ಎಲ್ಲ ಸುತ್ತಿಬಂತು. ಅಳತೆ ಗೊತ್ತಿಲ್ಲದ ಫಿಟ್ಟರ್ ಎಂಬ ಹೆಸರು ಒಮ್ಮೆ ಅಂಟಿದರೆ ಆ ಧಂದೆಯಲ್ಲಿ ಮತ್ತೆ ಯಾರೂ ಕರೆಯುವುದಿಲ್ಲ. ಸಂಜೀವಕುಮಾರ ಚಾಚಾರನ್ನು ಕೆಲಸದಿಂದ ಬಿಡಿಸಿ, ಸಿಂದಗಿಯಿಂದ ಅಯೂಬ ಎಂಬ ವೆಲ್ಡರನ್ನು ಕರೆಸಿದರು.

ಅಯೂಬ ಹಲ್ಲು ಕಿರಿಯುತ್ತ ಬಂದ, ಎಲ್ಲದಕ್ಕೂ "ಆಗತೈತ್ರಿ, ಆಗತೈತ್ರಿ" ಎಂದ. ಒಂದೂವರೆ ದಿನದಲ್ಲಿ ಎರಡು ಬೀಮು ಕೂರಿಸಿಯೂ ಬಿಟ್ಟ. ಹೇಗೆ ಮಾಡುತ್ತಾನೆಂದು ನಾನು ಹತ್ತಿರ ಹೋಗಿ ನೋಡಲಿಲ್ಲ, ನೋಡಿದರೆ ಗೊತ್ತಾಗುತ್ತದಲ್ಲ. ವೆಲ್ಡಿಂಗು ತಿಕ್ಕಿ ನುಣುಪು ಮಾಡಿ, ಕೆಂಪು ಬಣ್ಣ ಬಳಿದ ಮೇಲೆ ಕೂಡಿಸಿದ ಜಾಗ ಎಲ್ಲಿದೆ ಎಂಬುದೇ ತಿಳಿಯದಂತಾಯಿತು. ಸಾಹುಕಾರರು ಅವನಿಗೆ ಶಾಲು ಹೊದಿಸುವುದೊಂದು ಬಾಕಿ.

"ಗೋಡಿ ಬಂದ ಮ್ಯಾಲ ಒಳಗ ಏನೈತಿ ಅಂತ ಯಾವ ಮಗ ನೋಡ್ತಾನ?" ಎಂದರು ಸಂಜೀವಕುಮಾರ. ನಮ್ಮ ಊರುಗಳ ಇಡೀ ಕಟ್ಟಡ ಶಾಸ್ತ್ರ ಈ ಒಂದು ಮಾತಿನಲ್ಲಿದೆ. ತಿಪ್ಪೆ ಸಾರಿಸುವುದಕ್ಕೆ ಇವರು ಇಟ್ಟ ಹೆಸರು ಫಿನಿಶಿಂಗು.

ಮರುದಿನ ಬೆಳಿಗ್ಗೆ ಚಾಚಾ ತಮ್ಮ ಚೈನ್ ಬ್ಲಾಕು ಒಯ್ಯಲು ಬಂದರು. ಭಾರ ಎತ್ತುವ ಸರಪಳಿಯ ಗಾಲಿ ಅದು, ಅವರ ಸ್ವಂತದ್ದು. ಅಟ್ಟಣಿಗೆಯ ಮೇಲೆ ಹತ್ತಿ ಅದನ್ನು ಬಿಚ್ಚುತ್ತ ಅಯೂಬನ ಜೋಡಣೆಯನ್ನು ನೋಡಿದರು, ಬೆರಳಿನ ಗಣ್ಣಿನಿಂದ ಬಡಿದರು, ಕಿವಿಯಿಟ್ಟು ಕೇಳಿದರು. ಕೆಳಗಿಳಿದವರು ಸಾಹುಕಾರರ ಮುಂದೆ ನಿಂತರು.

"ಸಾವಕಾರ್ರ, ಮ್ಯಾಲಿನ ಹಾಲು ಯಾರಿಗೆ ಕೊಡವ್ರು?"

"ಟ್ಯೂಷನ್ನಿಗೆ. ಯಾಕ?"

"ಇದು ಗಟ್ಟಿ ಐತಿ ಅಂತಾರಲ್ರಿ ಇವ್ರು. ಹಂಗಿದ್ರ ಇದಕ್ಕ ನನ್ನ ಚೈನ್ ಬ್ಲಾಕು ತೂಗಿ ಹಾಕ್ತೇನಿ. ನಾಕ ಬೀಮು ಎತ್ತೂಣ. ತಡದ್ರ ಅಯೂಬನ ಕಾಲ ಮುಟ್ಟಿ ಹೋಗ್ತೇನಿ."

ಸಂಜೀವಕುಮಾರ ಬೇಡ ಬೇಡ ಎಂದರು. ಅವರು ಅಷ್ಟು ಅವಸರದಲ್ಲಿ ಬೇಡ ಎಂದದ್ದಕ್ಕೇ ಸಾಹುಕಾರರಿಗೆ ಅನುಮಾನ ಹುಟ್ಟಿತು. ವ್ಯಾಪಾರಿಯಲ್ಲವೇ, ಮಾಲು ಮುಟ್ಟಬೇಡ ಎನ್ನುವವನನ್ನು ಕಂಡರೆ ಮುಟ್ಟಿಯೇ ನೋಡುವ ಜಾತಿ. "ಎತ್ತಪಾ ನೋಡೂಣು," ಎಂದರು.

ಚಾಚಾ ಎಲ್ಲರನ್ನೂ ರಸ್ತೆಯ ಅಂಚಿಗೆ ಕಳಿಸಿದರು. ಆಮೇಲೆ ಅಯೂಬ ಕೂರಿಸಿದ ಒಂದು ಬೀಮಿಗೆ ಚೈನ್ ಬ್ಲಾಕು ತೂಗಿ ಹಾಕಿ, ಅದರ ಕೆಳಗೆ ಎರಡು ಕಡೆ ದಪ್ಪ ಉಕ್ಕಿನ ಕಾಲು ನಿಲ್ಲಿಸಿ, ಬೀಮಿಗೂ ಕಾಲಿಗೂ ಒಂದು ಗೇಣು ಬಿಟ್ಟರು, ಮುರಿದರೆ ಅದರ ಮೇಲೆ ಕೂರಲಿ ಎಂದು. ನೆಲದ ಮೇಲಿದ್ದ ನಾಲ್ಕು ಬೀಮುಗಳನ್ನು ಒಟ್ಟಿಗೆ ಕಟ್ಟಿ, ದೂರ ನಿಂತು ಸರಪಳಿ ಎಳೆಯತೊಡಗಿದರು. ಕಟ್ಟು ನೆಲ ಬಿಟ್ಟಿತು. ಒಂದು ಗೇಣು ಎದ್ದಿತು. ಹೆಚ್ಚೆಂದರೆ ಒಂದು ಟನ್ನು ಭಾರ. ಮುಂದೆ ಅದರ ಮೇಲೆ ಬರಬೇಕಾದ ಸ್ಲ್ಯಾಬು, ಮಂದಿಯ ಭಾರಕ್ಕೆ ಅದು ಏನೂ ಅಲ್ಲ. ಚಟ್ ಎಂದು ಸದ್ದಾಯಿತು. ಬೀಮಿನ ತುದಿ ಕಂಬದಿಂದ ಕಿತ್ತುಕೊಂಡು ದಡ್ ಎಂದು ಉಕ್ಕಿನ ಕಾಲಿನ ಮೇಲೆ ಕೂತಿತು. ಆ ಸಂದಿನೊಳಗಿಂದ ಏನೋ ಟಣಟಣ ಎಂದು ನೆಲಕ್ಕೆ ಉದುರಿತು.

ಸಾಹುಕಾರರು ಹೋಗಿ ಎತ್ತಿಕೊಂಡರು. ಮನೆಯ ಸ್ಲ್ಯಾಬಿಗೆ ಹಾಕುವ ಕಬ್ಬಿಣದ ಸರಳಿನ ತುಂಡುಗಳು, ಎಂಟೋ ಹತ್ತೋ. ನಾಲ್ಕು ಇಂಚಿನ ಸಂದಿಗೆ ಸರಳು ತುರುಕಿ, ಮೇಲೆ ಒಂದು ತೆಳ್ಳಗಿನ ತಗಡು ಮುಚ್ಚಿ, ಅದರ ಅಂಚಿಗೆ ಮಾತ್ರ ವೆಲ್ಡಿಂಗು ಬಳಿದಿದ್ದ. ಹುಳುಕು ಹಲ್ಲಿಗೆ ಹತ್ತಿ ತುರುಕಿದಂತೆ. ಅಯೂಬ ಅಷ್ಟರಲ್ಲಿ ಮೋಟಾರು ಸೈಕಲ್ಲು ಹತ್ತಿ ಹೋಗಿದ್ದ.

ರಾವಸಾಬರ ಮುಖದ ಬಣ್ಣ ಇಳಿದಿತ್ತು. ಸಂಜೀವಕುಮಾರ ಮಾತ್ರ ಒಂದು ನಿಮಿಷವೂ ತಡವರಿಸಲಿಲ್ಲ. "ಎಲ್ಲಾದಕ್ಕೂ ಮೂಲ ಇಂವನ ರಿ, ಸಾವಕಾರ್ರ," ಎಂದು ಚಾಚಾರ ಕಡೆ ಬೆರಳು ಮಾಡಿದರು. "ಇಂವ ಗಿಡ್ಡ ಕಡೀದಿದ್ರ ಅಯೂಬ ಯಾಕ ಬರ್ತಿದ್ದ?"

ಆಗ ನನ್ನ ಬಾಯಿ ತೆರೆಯಿತು. "ಚಾಚಾ ಗಿಡ್ಡ ಕಡದಿಲ್ರಿ. ಬೀಮು ಸರಿ ಅದಾವು. ಗೌಂಡಿ ಭೀಮು ಇಪ್ಪತ್ತು ಫೂಟಿಗೆ ಪಾಯ ಹಾಕ್ಯಾನ, ನಾ ನೋಡಲಾರದ ಸಹಿ ಮಾಡೇನಿ. ಮೊದಲ ಬೀಮು ಎತ್ತಿದ ದಿನಾನ ನನಗ ಗೊತ್ತಾಗಿತ್ತು."

ಭೀಮು ಪಾಪ ಬೆಪ್ಪಾಗಿ ನಿಂತ. "ಆರು ಮೀಟರ್ ಅಂದ್ರ ಇಪ್ಪತ್ತು ಫೂಟು ಅಲ್ಲೇನ್ರಿ?" ಎಂದು ಎಲ್ಲರ ಮುಖ ನೋಡಿದ. ಅವನೊಬ್ಬನ ಮೇಲೆ ನನಗೆ ಸಿಟ್ಟು ಬರಲಿಲ್ಲ.

ಚಾಚಾ ಸರಪಳಿ ಸುತ್ತುತ್ತಿದ್ದರು. ನನ್ನ ಕಡೆ ತಿರುಗಿಯೂ ನೋಡದೆ, "ಇದ ಮಾತು ಆ ದಿನ ಹೇಳಿದ್ರ ನನಗ ಹೇಳಿದಂಗ ಆಗ್ತಿತ್ತು. ಇವತ್ತ ನಿಮ್ಮ ಹಗುರಕ್ಕ ನೀವ ಹೇಳ್ಕೊಂಡ್ರಿ," ಎಂದರು.

ವಿಜಯಪುರದ ಇಂಜಿನಿಯರು ಬಂದು ನೋಡಿ, ಚಾಚಾ ಹೇಳಿದ ದಾರಿಯೇ ಸರಿ ಎಂದು ಪಟ್ಟಿಯ ದಪ್ಪ, ಬೋಲ್ಟಿನ ಸಂಖ್ಯೆ ಲೆಕ್ಕ ಹಾಕಿ ಕೊಟ್ಟರು. ಬಸವ ಜಯಂತಿಯ ಮುಹೂರ್ತ ತಪ್ಪಿತು. ಸಾಹುಕಾರರು ಚಾಚಾರ ಮನೆಗೇ ಹೋಗಿ ಕರೆದುಕೊಂಡು ಬಂದರು. ಗಿಡ್ಡವಾದ ಬೀಮನ್ನು ಇನ್ನಷ್ಟು ಗಿಡ್ಡ ಮಾಡಿ ಉದ್ದ ಮಾಡುವ ಆ ಕೆಲಸ ಇಪ್ಪತ್ತಾರು ದಿನ ನಡೆಯಿತು. ನಾನು ಪ್ರತಿ ತೂತಿಗೂ ಟೇಪು ಹಿಡಿದೆ. ಚಾಚಾ ಅಗತ್ಯವಿದ್ದಷ್ಟೇ ಮಾತಾಡಿದರು, ರೊಟ್ಟಿಯ ಬುತ್ತಿಯನ್ನು ಬೇರೆ ಕಡೆ ಕೂತು ಬಿಚ್ಚಿದರು. ಇಪ್ಪತ್ತೆರಡನೆಯ ಬೀಮು ಬಿಗಿದ ದಿನ ಅದರಿಂದ ಎಂಟು ಬೀಮು ತೂಗಿಸಿ ಎತ್ತಿ ತೋರಿಸಿದರು. ಜೋಡಣೆ ಕೂದಲೆಳೆಯಷ್ಟೂ ಬಾಯಿ ಬಿಡಲಿಲ್ಲ. ಸಾಹುಕಾರರು ಚಪ್ಪಾಳೆ ತಟ್ಟಿದರು. ಆದರೆ ತಪ್ಪು ಚಾಚಾರದಲ್ಲ ಎಂದು ಯಾರಿಗೂ ಮೊಬೈಲಿನಲ್ಲಿ ಕಳಿಸಲಿಲ್ಲ. ಹೊಗಳುವುದಕ್ಕೆ ಅಂಗೈ ಸಾಕಾಗುತ್ತದೆ, ತಪ್ಪು ಒಪ್ಪಿಕೊಳ್ಳಲು ಯಾಕೋ ಇವರಿಗೆ ಬೆರಳು ಬರುವುದಿಲ್ಲ.

ಸಂಜೀವಕುಮಾರ ನನಗೆ ಅನುಭವ ಪತ್ರ ಕೊಡಲಿಲ್ಲ. ಅದನ್ನು ದೊಡ್ಡ ತ್ಯಾಗವೆಂದು ಹೇಳಿಕೊಳ್ಳುವಷ್ಟು ನಾಚಿಕೆಗೆಟ್ಟಿಲ್ಲ ನಾನು.

ಕೆಲಸ ಮುಗಿದ ಮರುದಿನ ಇಂಡಿಯ ಬಸ್ಸು ಹಿಡಿದೆ. ಲಿಂಬೆ ವ್ಯಾಪಾರಿಯನ್ನು ಹುಡುಕಿ, ಎದುರು ಕೂತು ನಡೆದದ್ದನ್ನೆಲ್ಲ ಬಿಡಿಸಿ ಹೇಳಿದೆ. ಆತ ತಾಳ್ಮೆಯಿಂದ ಕೇಳಿದ, ನನಗೆ ಲಿಂಬೆ ಪಾನಕವನ್ನೂ ತರಿಸಿದ.

"ಭಾಳ ತಡಾ ಮಾಡಿ ಬಂದ್ರಿ ನೋಡವಾ," ಎಂದ. "ಕೆಲಸ ಬ್ಯಾರೆದವ್ರಿಗೆ ಕೊಟ್ಟ ತಿಂಗಳಾತು. ಪಾಯಾನೂ ತೆಗದಾರ."

"ಯಾರಿಗೆ ಕೊಟ್ರಿ?"

"ಸಿಂದಗಿ ಅಯೂಬಗ."

ನಾನು ಸರಳಿನ ತುಂಡುಗಳ ವಿಷಯ ಹೇಳಿದೆ, ನನ್ನ ದನಿ ಏರಿತ್ತು. ಆತ ಮೊಬೈಲು ತೆಗೆದು ನನ್ನದೇ ಕಾಗದವನ್ನು, ನನ್ನದೇ ಸಹಿಯನ್ನು ತೋರಿಸಿದ. "ಅಯೂಬನ ಮ್ಯಾಲ ಹಿಂಗ ಯಾರೂ ಬರದು ಕೊಟ್ಟಿಲ್ಲಲ್ಲವಾ. ಬಾಯಿಮಾತು ಯಾವುದು ನಂಬೂದು?"

ಅಲ್ಲೇ ಒಂದು ಹಾಳೆ ಕೇಳಿ, ಕಂಡದ್ದನ್ನು ಬರೆದು ಸಹಿ ಹಾಕಿ ಕೊಟ್ಟೆ. ಆತ ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡ. ಕೊಟ್ಟ ಕೆಲಸ ಕಸಿದುಕೊಳ್ಳಲು ಬರುವುದಿಲ್ಲ ಎಂದ. ಪಾನಕ ಕುಡಿಯದೆ ಎದ್ದುಬಂದೆ.

ಮುದ್ದೇಬಿಹಾಳಕ್ಕೆ ಮರಳಿದವಳು ನೇರ ಚಾಚಾರ ಮನೆಗೆ ಹೋದೆ. ಜೋಹರಾಬಿ ಬಾಗಿಲಲ್ಲಿ ನಿಂತು, "ಒಳಗ ಬಾರವಾ," ಎಂದಳು. ಆಕೆಗೆ ಎಲ್ಲ ಗೊತ್ತಿತ್ತು, ಆದರೂ ಚಾಪೆ ಹಾಸಿದಳು. ಚಾಚಾ ಒಂದು ಚೀಲಕ್ಕೆ ಬೋಲ್ಟು ಬಿಗಿಯುವ ಪಾನಾ, ಸುತ್ತಿಗೆ, ಎರಡು ಜೊತೆ ಬಟ್ಟೆ ತುಂಬುತ್ತಿದ್ದರು. ಇಂಡಿಗೆ ಹೋಗಿ ಬಂದದ್ದನ್ನು ಹೇಳಿದೆ.

"ಗೊತ್ತೈತ್ರಿ," ಎಂದರು. "ನಾಳಿ ನಾನೂ ಅಲ್ಲೇ ಹೊಂಟೇನಿ. ಅಯೂಬ ಕರದಾನ, ದಿನಗೂಲಿ ಮ್ಯಾಲ."

ನನಗೆ ತಡೆಯಲಾಗಲಿಲ್ಲ. "ಆ ಹಲ್ಕಟ್ಟನ ಕೈಯಾಗ ಕೂಲಿ ಮಾಡ್ತೀರೇನು ಚಾಚಾ? ನಿಮ್ಮ ಶೆಡ್ಡಿನಾಗ ನೀವ ಆಳಾಗಿ? ನಿಮಗ ಹೇಸಿಗಿ ಬರೂದಿಲ್ಲೇನು?"

"ಬರತೈತ್ರಿ. ಆದ್ರ ಮನಿ ನಡೀಬೇಕಲ್ಲ, ಈ ಊರಾಗ ನನಗ ಇನ್ನ ಯಾರ ಕೆಲಸ ಕೊಡ್ತಾರ?" ಚೀಲದ ಬಾಯಿಗೆ ಹಗ್ಗ ಎಳೆದು ಗಂಟು ಹಾಕಿದರು. ಆಮೇಲೆ ಎಷ್ಟೋ ದಿನಗಳ ನಂತರ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು. "ಅಂವಗ ಅಳತಿ ಬರೂದಿಲ್ಲ. ನಾ ಹೋಗಲಿಲ್ಲಂದ್ರ ಆ ಶೆಡ್ಡು ಲಿಂಬಿ ಆರಿಸೋ ಹೆಣ್ಣಮಕ್ಕಳ ಮ್ಯಾಲ ಬೀಳತೈತಿ. ಬಿದ್ದ ಮರುದಿನ ಫಿಟ್ಟರ್ ತಪ್ಪು ಅಂತ ಬರ್ಯಾಕ ನಿಮ್ಮಂಥವ್ರು ಯಾರಾರ ಬಂದ ಬರ್ತೀರಿ."